ಒಮಾಹಾದಲ್ಲಿ ನಿಲ್ಲುವುದಿಲ್ಲ

ಅಪ್ಪಾಸಾಹೇಬರು ಅಂದದ್ದು ಒಂದೇ ಮಾತು. ಅದನ್ನೂ ಎದುರು ಕೂತು ಯೋಚಿಸಿ ಅಂದದ್ದಲ್ಲ; ಬಾಗಿಲ ಬಳಿ ಒಂಟಿಕಾಲಲ್ಲಿ ನಿಂತು, ಗೋಡೆಗೆ ಕೈಯೂರಿ, ಇನ್ನೊಂದು ಕಾಲಿಗೆ ಬೂಟು ಏರಿಸುತ್ತ ಅಂದದ್ದು.

ಎಂಬತ್ತಾರನೆಯ ಇಸವಿಯ ಯುಗಾದಿ ಮುಗಿದು ಬಂದ ಭಾನುವಾರ ಅದು. ಸರಟೋಗಾದ ಗುಡ್ಡದ ಮೇಲಿನ ಅನಂತಪದ್ಮನಾಭರ ಮನೆಯಲ್ಲಿ ಕನ್ನಡದವರಿಗೆಲ್ಲ ಹೋಳಿಗೆ ಊಟ. ಹೋಳಿಗೆ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಆದರೆ ಆ ಮನೆಯಲ್ಲಿ ಹೋಳಿಗೆಯನ್ನು ಪುಕ್ಕಟೆ ತಿನ್ನಲು ಬಿಡುವ ಪದ್ಧತಿಯಿಲ್ಲ. ಕೈತೊಳೆದು ಬರುವಷ್ಟರಲ್ಲಿ ಕಿಟಕಿಯ ಪರದೆ ಎಳೆದು, ಗೋಡೆಗೆ ಬಿಳಿ ಬಟ್ಟೆ ಕಟ್ಟಿ, ಅನಂತಪದ್ಮನಾಭರು ಹಿಂದಿನ ವರ್ಷದ ಪ್ರವಾಸದ ಸ್ಲೈಡುಗಳನ್ನು ತೋರಿಸಲು ಸಿದ್ಧರಾಗಿರುತ್ತಾರೆ. ಗ್ರ್ಯಾಂಡ್ ಕ್ಯಾನಿಯನ್ನಿನ ಎಡಗಡೆ ಅನಂತಪದ್ಮನಾಭರು, ಬಲಗಡೆ ಅನಂತಪದ್ಮನಾಭರು, ಕ್ಯಾನಿಯನ್ನೇ ಕಾಣದ ಹಾಗೆ ಅಡ್ಡ ನಿಂತ ಅನಂತಪದ್ಮನಾಭರು. ನೂರಾ ನಲವತ್ತು ಸ್ಲೈಡು ಮುಗಿದು ದೀಪ ಹಾಕಿದ ಮೇಲೆ ಆ ವರ್ಷದ ಘೋಷಣೆ ಹೊರಬಿತ್ತು. ಜುಲೈಯಲ್ಲಿ ಷಿಕಾಗೋದಲ್ಲಿ ಅವರ ತಮ್ಮನ ಮನೆಯ ಗೃಹಪ್ರವೇಶ. ಅದಕ್ಕೆ ವಿಮಾನದಲ್ಲಿ ಹೋಗುವುದಿಲ್ಲ. ಸ್ಯಾನ್ ಹೋಸೆಯಿಂದ ಷಿಕಾಗೋವರೆಗೆ ಹೊಸ ವ್ಯಾನಿನಲ್ಲಿ, ನೆಲದ ಮೇಲೆಯೇ ಪ್ರಯಾಣ.

"ಯಾರು ಬೇಕಾದ್ರೂ ಜೊತೆಗೆ ಬರಬಹುದು. ಏಳು ಸೀಟಿದೆ, ನಾವಿರೋದು ಮೂರೇ ಜನ," ಎಂದರು ಅನಂತಪದ್ಮನಾಭರು. ಕೂತಿದ್ದವರೆಲ್ಲ ಆ ಕ್ಷಣದಲ್ಲೇ ತಂತಮ್ಮ ಮಕ್ಕಳ ಸ್ವಿಮ್ಮಿಂಗ್ ಕ್ಲಾಸು ನೆನಪಿಸಿಕೊಂಡರು.

ಅಪ್ಪಾಸಾಹೇಬರಿಗೆ ಮಾರ್ಗನ್ ಹಿಲ್ಲಿನ ತಮ್ಮ ಮನೆಯವರೆಗೆ ಹೋಗಬೇಕಿತ್ತು. ಮರುದಿನ ಬೆಳಿಗ್ಗೆ ಆರಕ್ಕೆ ಕಾರ್ಖಾನೆಯಲ್ಲಿ ಪಾಳಿ. ಹೆಂಡತಿ ಬಂಗಾರೆವ್ವನಿಗೆ ಕಣ್ಸನ್ನೆ ಮಾಡಿ ಎದ್ದರು, ಬೂಟು ಏರಿಸಿದರು, ಆ ಮಾತು ಅಂದರು.

"ಆತ್ರಿ, ಹಂಗಾರ ನಾವು ಬರ್ತೇವ್ರಿ."

ಇದರಲ್ಲಿ ಏನು ತಪ್ಪಿದೆ? ಮನೆಯಿಂದ ಹೊರಡುವವನು ಬರುತ್ತೇನೆ ಅನ್ನುತ್ತಾನೆ. ಬೀದರದಿಂದ ಚಾಮರಾಜನಗರದವರೆಗೆ ಹೀಗೇ ಅನ್ನುವುದು. ಹೋಗುತ್ತೇನೆ ಎಂದು ಹೇಳಿ ಹೊರಟರೆ ಮನೆಯವರ ಎದೆ ಧಸಕ್ಕೆನ್ನುತ್ತದೆ. ಇದು ಮೈಸೂರಿನ ಅಗ್ರಹಾರದಲ್ಲಿ ಬೆಳೆದ ಅನಂತಪದ್ಮನಾಭರಿಗೆ ಗೊತ್ತಿಲ್ಲದ ಸಂಗತಿಯೇನಲ್ಲ.

ಆದರೆ ಮಂಗಳವಾರ ಕಾರ್ಖಾನೆಗೇ ಫೋನು ಬಂತು.

"ಅಪ್ಪಾಸಾಹೇಬ್ರೇ, ನೀವು ಬರ್ತೀವಿ ಅಂದಿದ್ದು ಬಹಳ ಸಂತೋಷ ಆಯ್ತು ನೋಡಿ. ಪದ್ಮಜಾಗೂ ಖುಷಿ. ಬರೋ ಭಾನುವಾರ ಪ್ಲ್ಯಾನಿಂಗ್ ಮೀಟಿಂಗು. ಬರುವಾಗ ನಿಮ್ಮ ಡ್ರೈವರ್ಸ್ ಲೈಸೆನ್ಸ್ ನಂಬರು ಬರ್ಕೊಂಡು ಬನ್ನಿ, ಇನ್ಶೂರೆನ್ಸಿಗೆ ಸೇರಿಸ್ಬೇಕು."

ಅಪ್ಪಾಸಾಹೇಬರು ಫೋನು ಹಿಡಿದು ಬಾಯಿ ತೆರೆದರು. "ಅಲ್ರೀ ಪದ್ಮನಾಭ ಅವ್ರ, ನಾ ಅಂದದ್ದು..." ಎನ್ನುವಷ್ಟರಲ್ಲಿ ಆ ಕಡೆ ಫೋನು ಇಟ್ಟಾಗಿತ್ತು. ಅನಂತಪದ್ಮನಾಭರು ದೊಡ್ಡ ಕಂಪನಿಯ ಡೈರೆಕ್ಟರು; ಇನ್ನೊಬ್ಬರ ವಾಕ್ಯ ಮುಗಿಯುವವರೆಗೆ ಕಾಯುವ ಅಭ್ಯಾಸ ತಪ್ಪಿಹೋಗಿತ್ತು.

ಸಂಜೆ ಮನೆಗೆ ಬಂದು ಇದನ್ನೇ ಹೆಂಡತಿಗೆ ಹೇಳಿ ನಗಬೇಕೆಂದುಕೊಂಡಿದ್ದರು. ಆ ಡೈರೆಕ್ಟರನ ಬುದ್ಧಿ ನೋಡು, ಹೊರಟು ನಿಂತವನನ್ನು ವ್ಯಾನಿಗೆ ಹತ್ತಿಸಿಕೊಂಡಿದ್ದಾನೆ ಎನ್ನಬೇಕೆಂದಿದ್ದರು. ಅರ್ಧ ಹೇಳಿದ್ದರಷ್ಟೇ, ಬಂಗಾರೆವ್ವ ಒಲೆ ಆರಿಸಿ ಬಂದು ಎದುರು ಕೂತಳು.

"ಷಿಕಾಗೋಕ್ಕ ಹೋಗೂ ದಾರ್ಯಾಗ ಒಮಾಹಾ ಬರ್ತದೇನ್ರಿ?"

"ಬರ್ತದ. ರಸ್ತೆ ಅದರ ನಟ್ಟನಡುವ ಹಾಯ್ದು ಹೋಗತದ."

"ಹಂಗಾರ ಕಮಲವ್ವ ಸಿಗತಾಳ!"

ಕಮಲವ್ವ ಇಲಕಲ್ಲಿನಲ್ಲಿ ಬಂಗಾರೆವ್ವನ ಪಕ್ಕದ ಮನೆಯವಳು. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಕಲಿತವರು, ಒಂದೇ ತಿಂಗಳಲ್ಲಿ ಮದುವೆಯಾದವರು. ಕಮಲವ್ವನ ಗಂಡ ಡಾಕ್ಟರ್ ಶರಣಪ್ಪ ಒಮಾಹಾದ ಒಂದು ಆಸ್ಪತ್ರೆಯಲ್ಲಿದ್ದರು. ದೀಪಾವಳಿಗೊಂದು, ಸಂಕ್ರಾಂತಿಗೊಂದು ಫೋನು ಬಿಟ್ಟರೆ ಗೆಳತಿಯರು ಮುಖ ನೋಡಿ ಒಂಬತ್ತು ವರ್ಷವಾಗಿತ್ತು. ಆರು ವರ್ಷದ ಹಿಂದೆ ಬಂಗಾರೆವ್ವ ಅಮೆರಿಕಕ್ಕೆ ಬಂದ ಹೊಸದರಲ್ಲಿ ಒಮಾಹಾ ಒಮಾಹಾ ಎಂದು ಜಪ ಮಾಡುತ್ತಿದ್ದಳು. ನೋಡೂನು, ಎಂದಿದ್ದರು ಅಪ್ಪಾಸಾಹೇಬರು. ಕ್ರಮೇಣ ಅವಳು ಆ ಊರಿನ ಹೆಸರೆತ್ತುವುದನ್ನು ಬಿಟ್ಟಳು. ಬರಬರುತ್ತ ಬೇರೆ ಮಾತೂ ಕಡಿಮೆಯಾಯಿತು. ಮಕ್ಕಳಿಲ್ಲದ ಮನೆ, ಕಾರು ಓಡಿಸಲು ಬಾರದ ಹೆಂಗಸು, ಬೀದಿಯಾಚೆ ಅಣಬೆ ಬೆಳೆಯುವವರ ಗೊಬ್ಬರದ ವಾಸನೆ. ಬೆಳಗಿನಿಂದ ಸಂಜೆಯವರೆಗೆ ಯಾರೊಂದಿಗೆ ಮಾತಾಡುತ್ತಾಳೆ? ಅವಳ ಸ್ವಭಾವವೇ ಮೌನದ್ದು ಎಂದು ಅಪ್ಪಾಸಾಹೇಬರು ತೀರ್ಮಾನಿಸಿ ಆರಾಮಾಗಿದ್ದರು.

ಆ ಸಂಜೆ ಬಂಗಾರೆವ್ವ ಮಲಗುವವರೆಗೂ ಮಾತಾಡಿದಳು. ಅಟ್ಟದಿಂದ ದೊಡ್ಡ ಡಬ್ಬಿ ಇಳಿಸಿದಳು. ಊರಿನಿಂದ ಬಂದವರ ಕೈಲಿ ತರಿಸಿ ಕಾಪಾಡಿಕೊಂಡಿದ್ದ ಜೋಳದ ಹಿಟ್ಟನ್ನು ತೆಗೆದು ಮೂಸಿ ನೋಡಿದಳು. ಕಮಲವ್ವನಿಗೆ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಎಂದು ಬೆರಳು ಮಡಿಸಿದಳು. ಇದೆಲ್ಲ ತಪ್ಪು ತಿಳಿವಳಿಕೆ, ನಾವು ಹೋಗುವುದಿಲ್ಲ ಎಂಬ ಮಾತು ಅಪ್ಪಾಸಾಹೇಬರ ಬಾಯಲ್ಲೇ ಉಳಿಯಿತು.

ಮೊದಲನೆಯ ಮೀಟಿಂಗಿನಲ್ಲೇ ಅವರಿಗೆ ಆ ಮನುಷ್ಯನ ಮೇಲೆ ಹೇಸಿಗೆ ಹುಟ್ಟಿತು.

ಅನಂತಪದ್ಮನಾಭರು ಊಟದ ಮೇಜಿನ ಮೇಲೆ ಆಟೋಮೊಬೈಲ್ ಕ್ಲಬ್ಬಿನವರು ಕೊಟ್ಟ ದಾರಿ-ಪುಸ್ತಕ ಇಟ್ಟುಕೊಂಡು ಕೂತಿದ್ದರು. ಉದ್ದುದ್ದ ಹಾಳೆಗಳನ್ನು ತಂತಿಯ ಸುರುಳಿಯಲ್ಲಿ ಪೋಣಿಸಿ, ಹೋಗಬೇಕಾದ ಹೆದ್ದಾರಿಯನ್ನು ಕಿತ್ತಳೆ ಬಣ್ಣದಲ್ಲಿ ಎಳೆದುಕೊಟ್ಟ ಪುಸ್ತಕ ಅದು. ರೀನೋ, ಸಾಲ್ಟ್ ಲೇಕ್, ಶಯಾನ್, ಒಮಾಹಾ, ಡೆ ಮೊಯಿನ್, ಷಿಕಾಗೋ. ಅನಂತಪದ್ಮನಾಭರ ಕೈಯಲ್ಲೊಂದು ಪೆನ್ಸಿಲು. ಯೋಚನೆ ಬಂದಾಗಲೆಲ್ಲ ಆ ಪೆನ್ಸಿಲನ್ನು ಕಿವಿಯೊಳಗೆ ಬಿಟ್ಟು ತಿರುಗಿಸುತ್ತಿದ್ದರು. ಹೊರಗೆ ತೆಗೆದು ಅದರ ತುದಿ ನೋಡುತ್ತಿದ್ದರು. ನೋಡಿ ತೃಪ್ತರಾಗಿ, ಅದೇ ಪೆನ್ಸಿಲಿನಿಂದ ನಕ್ಷೆಯ ಮೇಲೆ ಗುರುತು ಹಾಕುತ್ತಿದ್ದರು. ನೆವಾಡಾ ಮುಗಿಯುವಷ್ಟರಲ್ಲಿ ಹಾಳೆಯ ಮೇಲೆ ಹಳದಿಗಂದು ಬಣ್ಣದ ಊರುಗಳು ಒಂದೆರಡು ಹೊಸದಾಗಿ ಹುಟ್ಟಿಕೊಂಡಿದ್ದವು. ಹಾಳೆ ತಿರುವಲು ಹೆಬ್ಬೆರಳನ್ನು ನಾಲಿಗೆಗೆ ಒತ್ತುತ್ತಿದ್ದರು. ಆ ಬೆರಳಿನಿಂದಲೇ ತಟ್ಟೆಯ ಕೋಡುಬಳೆಯನ್ನು ಅಪ್ಪಾಸಾಹೇಬರ ಕಡೆಗೆ ತಳ್ಳಿದರು.

"ತಗೊಳ್ಳಿ ತಗೊಳ್ಳಿ, ಸಂಕೋಚ ಬೇಡ."

"ಹೊಟ್ಟಿ ತುಂಬೇತ್ರಿ," ಎಂದರು ಅಪ್ಪಾಸಾಹೇಬರು. ಬೆಳಗಿನಿಂದ ಅವರು ಏನೂ ತಿಂದಿರಲಿಲ್ಲ.

ಆಮೇಲೆ ಅನಂತಪದ್ಮನಾಭರು ಒಂದು ದೊಡ್ಡ ಹಾಳೆ ಬಿಚ್ಚಿದರು. ಅದರಲ್ಲಿ ಎಲ್ಲರ ಹೆಸರು, ಹೆಸರಿನ ಮುಂದೆ ಗೆರೆ ಎಳೆದ ಖಾಲಿ ಮನೆಗಳು. "ಹೆದ್ದಾರಿಯಲ್ಲಿ ಐವತ್ತೈದರ ಸ್ಪೀಡಿನಲ್ಲಿ ಹೋದರೆ ಟೈಮು ಎಲ್ಲಿ ವೇಸ್ಟ್ ಆಗುತ್ತೆ ಹೇಳಿ? ಬಾತ್‌ರೂಮಲ್ಲಿ. ಹೋದ ವರ್ಷ ಬರೀ ಬಾತ್‌ರೂಮಿಗೇ ಐದು ಗಂಟೆ ಹೋಗಿದೆ, ನಾನು ಬರೆದಿಟ್ಟಿದೀನಿ. ಈ ಸಲ ಇನ್ನೂರು ಮೈಲಿಗೆ ಒಂದೇ ಸ್ಟಾಪು." ಪೆನ್ಸಿಲು ಕಿವಿಯಿಂದ ಹೊರಬಂತು. "ಈಗ ಹೇಳಿ, ನಿಮ್ಮ ಮನೆಯವರು, ಬಂಗಾರಮ್ಮನೋರು, ದಿನಕ್ಕೆ ಎಷ್ಟು ಸಲ ಹೋಗ್ತಾರೆ?"

ಬಂಗಾರೆವ್ವ ಅಲ್ಲೇ, ಮೇಜಿನ ತುದಿಯಲ್ಲೇ ಕೂತಿದ್ದಳು. ಅವಳ ಹೆಸರು ಬಂಗಾರಮ್ಮ ಅಲ್ಲ ಎಂದು ಆ ಮನೆಯವರಿಗೆ ನಾಲ್ಕು ಸಲ ಹೇಳಿಯಾಗಿತ್ತು. ಅವಳ ಮುಖ ಕೆಂಪಾಯಿತು. ಗಂಡನ ಮುಖ ನೋಡಿದಳು, ನಕ್ಷೆ ನೋಡಿದಳು.

"ನಾ ಹೋಗೂದ ಇಲ್ರಿ," ಎಂದಳು.

"ಗುಡ್!" ಎಂದು ಅನಂತಪದ್ಮನಾಭರು ಅವಳ ಹೆಸರಿನ ಮುಂದೆ ಸೊನ್ನೆ ಬರೆದುಕೊಂಡರು.

ಅಸಹ್ಯ! ಒಬ್ಬ ಗೃಹಸ್ಥ ಇನ್ನೊಬ್ಬನ ಹೆಂಡತಿಯ ಬಗ್ಗೆ ಇಂಥದ್ದನ್ನು ಕೇಳುವುದುಂಟೆ? ಕೇಳಿ ಬರೆದಿಟ್ಟುಕೊಳ್ಳುವುದುಂಟೆ? ವಾಪಸು ಬರುವಾಗ ನೂರಾ ಒಂದರ ಫ್ರೀವೇ ಉದ್ದಕ್ಕೂ ಅಪ್ಪಾಸಾಹೇಬರು ಹಲ್ಲು ಕಡಿದರು. ಈ ಮನುಷ್ಯನ ಜೊತೆ ನಾಲ್ಕು ದಿನ, ಅದೂ ಒಂದೇ ಡಬ್ಬಿಯಲ್ಲಿ ಕೂತು! ಅವನ ಕಿವಿ, ಅವನ ಹೆಬ್ಬೆರಳು, ಅವನ ಸೊನ್ನೆಗಳು! ಇವತ್ತು ಮನೆ ಮುಟ್ಟಿದ ಕೂಡಲೇ ಹೇಳಿಬಿಡುತ್ತೇನೆ ಎಂದುಕೊಂಡರು.

ಪಕ್ಕದಲ್ಲಿ ಬಂಗಾರೆವ್ವ ಕೇಳಿದಳು, "ಒಮಾಹಾದಾಗ ಎಷ್ಟೊತ್ತು ನಿಂದರ್ತಾರಂತ್ರಿ?"

"ಅಲ್ಲ, ಆ ಮನಷ್ಯಾ ನಿನಗ ಹಂಗ ಕೇಳಿದ್ನಲ್ಲ, ನಿನಗ ಏನೂ ಅನಸಲಿಲ್ಲೇನ?"

"ಅನಸ್ತು. ಹೇಸಿಗಿ ಬಂತು." ಗಂಡನ ಕಡೆ ತಿರುಗಿ ಅಂದಳು, "ಆದ್ರ ಆ ಪುಸ್ತಕದಾಗ ಕಮಲವ್ವನ ಊರ ಹೆಸರು ಬರದಿತ್ತು ನೋಡ್ರಿ."

ಮನೆ ಮುಟ್ಟಿದ ಮೇಲೆ ಅಪ್ಪಾಸಾಹೇಬರು ಬೂಟು ಬಿಚ್ಚಿ ನೇರ ಮಲಗಲು ಹೋದರು.

ಆ ವಾರ ಹಬ್ಬವಿಲ್ಲದೆಯೇ ಒಮಾಹಾಕ್ಕೆ ಫೋನು ಹೋಯಿತು. ಆ ಕಡೆ ಕಮಲವ್ವ ಅಳುವುದೂ ಈ ಕಡೆ ಬಂಗಾರೆವ್ವ ನಗುವುದೂ ಒಟ್ಟಿಗೇ ನಡೆಯಿತು. ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಶುರುವಾಯಿತು. ಬಿಸಿಲಿಗೆ ಒಣಗಿಸಿದ ರೊಟ್ಟಿಗಳು ಡಬ್ಬಿಯಲ್ಲಿ ಏರತೊಡಗಿದವು. ಬೆಳಿಗ್ಗೆ ಐದಕ್ಕೆ ಎದ್ದು ಹೊರಡುವ ಗಂಡನಿಗೆ ಅವಳು ಎದುರು ನಿಂತು ಚಾ ಕೊಟ್ಟು, ಕಮಲವ್ವ ಶಾಲೆಯಲ್ಲಿ ಮಾಸ್ತರರ ಛತ್ರಿ ಬಚ್ಚಿಟ್ಟ ಕಥೆ ಹೇಳುತ್ತಿದ್ದಳು. ಇಷ್ಟು ವರ್ಷ ಈ ಕಥೆಗಳೆಲ್ಲ ಎಲ್ಲಿದ್ದವು ಎಂದು ಅಪ್ಪಾಸಾಹೇಬರಿಗೆ ಆಶ್ಚರ್ಯ.

ಎರಡನೆಯ ಮೀಟಿಂಗಿಗೆ ಬಂಗಾರೆವ್ವ ನಾಲ್ಕು ರೊಟ್ಟಿ, ಒಂದು ಸಣ್ಣ ಡಬ್ಬಿ ಶೇಂಗಾ ಹಿಂಡಿ ಕಟ್ಟಿಕೊಂಡು ಹೋದಳು. ಅನಂತಪದ್ಮನಾಭರ ಹೆಂಡತಿ ಪದ್ಮಜಾ ಡಬ್ಬಿಯ ಮುಚ್ಚಳ ತೆಗೆದು, ಮೂಗಿನವರೆಗೆ ತಂದು, ಹಾಗೇ ಮುಚ್ಚಿದರು. ಅದನ್ನು ಎರಡು ಬೆರಳಲ್ಲಿ ಹಿಡಿದು ಅಡುಗೆಮನೆಯ ಆಚೆಗಿನ ಮೆಟ್ಟಿಲ ಮೇಲೆ ಇಟ್ಟು ಬಂದು ಕೈ ತೊಳೆದರು. ಸೋಪು ಹಾಕಿ ತೊಳೆದರು.

"ಬೆಳ್ಳುಳ್ಳಿ ಜಾಸ್ತಿ ಅಲ್ವಾ ಬಂಗಾರಮ್ಮ? ಹೊಸ ವ್ಯಾನು, ಸೀಟಿಗೆಲ್ಲ ವಾಸನೆ ಹಿಡ್ಕೊಂಡ್ಬಿಡುತ್ತೆ. ದಯವಿಟ್ಟು ದಾರಿಗೆ ಇದನ್ನೆಲ್ಲ ತರಬೇಡಿ. ಪುಳಿಯೋಗರೆ ನಾನೇ ಮಾಡ್ತೀನಿ."

"ದಾರಿಗಲ್ರಿ. ಒಮಾಹಾದಾಗ ನಮ್ಮ ಗೆಳತಿಗೆ ಕೊಡೂದದ."

"ಒಮಾಹಾ?" ಎಂದರು ಅನಂತಪದ್ಮನಾಭರು. "ಒಮಾಹಾದಲ್ಲಿ ನಾವು ನಿಲ್ಲಲ್ಲವಲ್ಲ!"

ಬೆಳಿಗ್ಗೆ ಶಯಾನ್ ಬಿಟ್ಟರೆ ಸಂಜೆ ಡೆ ಮೊಯಿನ್ ಸೇರಬೇಕು. ಗ್ಯಾಸು, ಅಂದರೆ ಪೆಟ್ರೋಲು, ತುಂಬಿಸುವುದು ಒಮಾಹಾಕ್ಕೆ ಐವತ್ತು ಮೈಲಿ ಮುಂಚೆ, ಲಿಂಕನ್ನಿನಲ್ಲಿ. ಒಮಾಹಾವನ್ನು ಮಧ್ಯಾಹ್ನ ಮೂರೂಕಾಲಿಗೆ ದಾಟುವುದು. ಅಲ್ಲಿ ನೋಡುವಂಥದ್ದೇನೂ ಇಲ್ಲ. ಅನಂತಪದ್ಮನಾಭರು ಇಷ್ಟನ್ನೂ ಹೇಳಿ, ಪೆನ್ಸಿಲನ್ನು ಕಿವಿಯಲ್ಲಿ ಎರಡು ಸುತ್ತು ತಿರುಗಿಸಿ ತೆಗೆದು, ಒಮಾಹಾದ ಮೇಲೆ ಅಡ್ಡಗೆರೆ ಎಳೆದರು. ಗೆರೆಯ ಜೊತೆಗೆ ಕಿವಿಯಲ್ಲಿದ್ದದ್ದೂ ಊರಿನ ಮೇಲೆ ಕೂತಿತು.

ಅಪ್ಪಾಸಾಹೇಬರು ಆ ಕಲೆಯನ್ನೇ ನೋಡುತ್ತ ಕೂತರು. ಅಲ್ಲೇ ಎದ್ದು ಏನಾದರೂ ಅನ್ನಬೇಕಿತ್ತು. ಮಂದಿಯ ಮನೆ, ಅವರ ವ್ಯಾನು, ನಾವು ಕೂತು ಹೋಗುವವರು ಎಂದು ನಾಲಿಗೆ ಎಳೆದುಕೊಂಡರು. ತಮ್ಮ ನಾಲಿಗೆಯ ಮೇಲೇ ಅವರಿಗೆ ಹೇಸಿಗೆಯಾಯಿತು.

ಮರುದಿನ ಸಂಜೆ ಬಂಗಾರೆವ್ವ ಫೋನಿನಲ್ಲಿ ಮಾತಾಡುತ್ತಿದ್ದದ್ದು ಅವರ ಕಿವಿಗೆ ಬಿತ್ತು. "ಇಲ್ಲಬೇ ಕಮಲಿ, ನಿಂದ್ರಂಗಿಲ್ಲಂತ. ಬರೇ ಹಾದು ಹೋಗತಾರಂತ. ಮೂರೂಕಾಲಿಗಿ ಅಂತ. ... ಎಲ್ಲಿ, ಫ್ರೀವೇ ಮ್ಯಾಲಿನ ಸೇತುವಿ ಮ್ಯಾಲೇನ? ಹಸರ ಸೀರಿ ಉಟ್ಕೋ ಹಂಗಾರ, ದೂರಿಂದ ಕಾಣತೈತಿ. ನಾ ಕಿಟಕ್ಯಾಗಿಂದ ಕೈ ಮಾಡ್ತೀನಿ."

ಐವತ್ತೈದು ಮೈಲಿಯ ವೇಗದಲ್ಲಿ ಕೈ ಮಾಡಲು ಎಷ್ಟು ಹೊತ್ತು ಸಿಗುತ್ತದೆ? ಎರಡು ಸೆಕೆಂಡು, ಹೆಚ್ಚೆಂದರೆ ಮೂರು. ಒಂಬತ್ತು ವರ್ಷದ ಮೇಲೆ ಮೂರು ಸೆಕೆಂಡಿನ ಗೆಳತಿ! ಅಪ್ಪಾಸಾಹೇಬರು ಹಜಾರದಲ್ಲಿ ಬೂಟು ಬಿಚ್ಚದೆ ನಿಂತುಬಿಟ್ಟರು. ಅವರಿಗೆ ಅನಂತಪದ್ಮನಾಭರ ಮೇಲೆ ಹುಟ್ಟಿದ ಅಸಹ್ಯಕ್ಕೆ ಮಿತಿಯಿರಲಿಲ್ಲ.

ಮೂರನೆಯ ಭಾನುವಾರ ಅವರು ತಯಾರಾಗಿಯೇ ಹೋದರು. ಬಾಗಿಲು ದಾಟಿದವರೇ, ಕೂರುವ ಮೊದಲೇ ಮಾತು ತೆಗೆದರು.

"ಪದ್ಮನಾಭ ಅವ್ರ, ಒಮಾಹಾದಾಗ ಅರ್ಧಾ ತಾಸು ನಿಂದ್ರಬೇಕ್ರಿ."

"ಮತ್ತೆ ಅದೇ ಶುರು ಮಾಡಿದ್ರಾ," ಎಂದು ನಕ್ಕರು ಅನಂತಪದ್ಮನಾಭರು. ದಾರಿ-ಪುಸ್ತಕ ಒಮಾಹಾ ಇರುವ ನೆಬ್ರಾಸ್ಕಾದ ಹಾಳೆಗೆ ತೆರೆದು ಮೇಜಿನ ಮೇಲೆ ಬಿದ್ದಿತ್ತು. "ನೋಡಿ, ಒಬ್ಬರಿಗೋಸ್ಕರ ನಿಲ್ಲಿಸಿದ್ರೆ ಎಲ್ಲರಿಗೂ ನಿಲ್ಲಿಸ್ಬೇಕಾಗುತ್ತೆ."

"ಎಲ್ಲಾರು ಅಂದ್ರ ಯಾರ್ರಿ? ಇರೂದು ಐದು ಮಂದಿ."

"ಅರ್ಧ ಗಂಟೆ ಅಂತೀರಿ. ಹೆಂಗಸರು ಕೂತರೆ ಅರ್ಧ ಗಂಟೇಲಿ ಏಳ್ತಾರಾ? ಅಳ್ತಾರೆ, ತಿಂತಾರೆ, ಬಾತ್‌ರೂಮಿಗೆ ಹೋಗ್ತಾರೆ. ನನ್ನ ಶೆಡ್ಯೂಲು ಪೂರ್ತಿ ಹಾಳು."

"ಆಕಿ ಒಂಬತ್ತು ವರ್ಷ ಆತ್ರಿ ಗೆಳತೀನ್ನ ನೋಡಿ."

"ಅದಕ್ಕೆ ನಾನೇನು ಮಾಡ್ಲಿ? ಅಪ್ಪಾಸಾಹೇಬ್ರೇ, ಒಂದು ಮಾತು. ನೀವಾಗಿ ನೀವೇ ಬರ್ತೀವಿ ಅಂದ್ರಿ. ಇಪ್ಪತ್ತು ಜನರ ಎದುರಿಗೆ ಅಂದ್ರಿ. ನಾನೇನು ಬಲವಂತ ಮಾಡಿದ್ನಾ? ಬರ್ತೀವಿ ಅಂದವರು ಹೊಂದಿಕೊಂಡು ಬರಬೇಕು."

ಅನಂತಪದ್ಮನಾಭರ ಮಗಳು ಊರ್ಮಿಳಾ ಸೋಫಾದ ಮೇಲೆ ಕಾಲು ಮಡಿಸಿ ಕೂತು ಹಾಲಿನಲ್ಲಿ ಸೀರಿಯಲ್ ಹಾಕಿಕೊಂಡು ತಿನ್ನುತ್ತಿದ್ದಳು. ಹನ್ನೆರಡು ವರ್ಷದ ಹುಡುಗಿ. ಕನ್ನಡ ಆಡಲು ಬರುವುದಿಲ್ಲ ಎಂದು ಆ ಮನೆಯಲ್ಲಿ ಅವಳ ಎದುರು ಎಲ್ಲವನ್ನೂ ಕನ್ನಡದಲ್ಲೇ ಮಾತಾಡುತ್ತಿದ್ದರು. ಅವಳು ಚಮಚ ಕೆಳಗಿಟ್ಟು ತಲೆಯೆತ್ತಿದಳು.

"ಬಟ್ ಡ್ಯಾಡ್, ಯೂ ಟೋಲ್ಡ್ ಮಾಮ್ ಹೀ ವಾಸ್ ಜಸ್ಟ್ ಸೇಯಿಂಗ್ ಬೈ. ಯೂ ಸೆಡ್ ವೀ ನೀಡ್ ಅ ಡ್ರೈವರ್ ಎನಿವೇ."

ಪದ್ಮಜಾ "ಊರ್ಮೀ! ರೂಮಿಗೆ ಹೋಗು!" ಎಂದು ಕಿರುಚಿದರು. ಅನಂತಪದ್ಮನಾಭರ ಪೆನ್ಸಿಲು ಅರ್ಧ ದಾರಿಯಲ್ಲಿ, ಕಿವಿಗೂ ನಕ್ಷೆಗೂ ನಡುವೆ ನಿಂತಿತು. "ಮಕ್ಕಳು ಏನೋ ಮಾತಾಡ್ತಾವೆ," ಎಂದರು. "ಪದ್ಮಜಾ ಫ್ರೀವೇ ಓಡಿಸಲ್ಲ, ನಾನೊಬ್ಬನೇ ಎರಡು ಸಾವಿರ ಮೈಲಿ ಹೇಗೆ... ಹೇಗಿದ್ರೂ ನಿಮಗೂ ಊರು ನೋಡಿದ ಹಾಗಾಗುತ್ತಲ್ಲ ಅಂತ..."

ಹಾಗಾದರೆ ಇವನಿಗೆ ಗೊತ್ತಿತ್ತು. ಮೊದಲ ದಿನದಿಂದ ಗೊತ್ತಿತ್ತು. ಹೊರಟು ನಿಂತವನ ಮರ್ಯಾದೆಯ ಮಾತನ್ನು ಹಿಡಿದು ಅವನನ್ನೇ ಚಾಲಕನ ಸೀಟಿಗೆ ಕಟ್ಟಿಹಾಕಿದ್ದ. ಲೈಸೆನ್ಸ್ ನಂಬರು ಕೇಳಿದ್ದು ಅದಕ್ಕೇ. ಅಪ್ಪಾಸಾಹೇಬರಿಗೆ ಸಿಟ್ಟು ಬರಲಿಲ್ಲ. ಸಿಟ್ಟು ಬರಬೇಕಾದರೂ ಎದುರಿನವನು ಅಷ್ಟು ಯೋಗ್ಯನಿರಬೇಕು. ಬಚ್ಚಲಲ್ಲಿ ಕಾಲಿಗೆ ಅಂಟಿದ ಕೂದಲು ಕಂಡಾಗ ಆಗುವಂಥ ಅಸಹ್ಯ ಮಾತ್ರ ಆಯಿತು. ಅವರು ಬಾಗಿಲಿನತ್ತ ನಡೆದರು. ನೆಟ್ಟಗೆ ನಿಂತು, ಎರಡೂ ಕಾಲಿಗೆ ಬೂಟು ಹಾಕಿಕೊಂಡು, ಕೈಮುಗಿದರು.

"ಪದ್ಮನಾಭ ಅವ್ರ, ನಾವು ಹೋಗ್ತೇವ್ರಿ."

ಪದ್ಮಜಾ ಬಾಯಿಗೆ ಕೈ ಹಿಡಿದರು. ಆ ಮನೆಯ ಹೊಸ್ತಿಲಲ್ಲಿ ಆ ಮಾತನ್ನು ಅದುವರೆಗೆ ಯಾರೂ ಆಡಿರಲಿಲ್ಲ. ಅನಂತಪದ್ಮನಾಭರು, "ಹಾಗೆಲ್ಲ ಅನ್ನಬಾರದು ಅಪ್ಪಾಸಾಹೇಬ್ರೇ, ಬರ್ತೀವಿ ಅನ್ನಿ," ಎಂದು ಎದ್ದು ಬಂದರು.

"ಇಲ್ರಿ. ಬರ್ತೇವಿ ಅಂದ್ರ ನಿಮಗ ತಿಳಿಯೂದಿಲ್ಲ. ಹೋಗ್ತೇವಿ."

ತಿರುಗಿ ನೋಡದೆ ಕಾರಿನತ್ತ ನಡೆದರು. ಬಂಗಾರೆವ್ವ ಒಂದು ನಿಮಿಷ ತಡವಾಗಿ, ಸೆರಗನ್ನು ಬಿಗಿಯಾಗಿ ಹೊದ್ದುಕೊಂಡು ಬಂದು ಪಕ್ಕದಲ್ಲಿ ಕೂತಳು.

ಗುಡ್ಡ ಇಳಿಯುವವರೆಗೆ ಅಪ್ಪಾಸಾಹೇಬರೇ ಮಾತಾಡಿದರು. ಆ ಮನುಷ್ಯನ ಕಿವಿಯಿಂದ ಹಿಡಿದು ಅವನ ವ್ಯಾನಿನವರೆಗೆ ಎಲ್ಲವನ್ನೂ ಬೈದರು. ಮೋಸಗಾರ, ಹೊಲಸು ಮನುಷ್ಯ, ಮಾತಿನ ಅರ್ಥ ಗೊತ್ತಿದ್ದೂ ಗೊತ್ತಿಲ್ಲದವನ ಹಾಗೆ ನಟಿಸಿದ ಕಳ್ಳ. ಫ್ರೀವೇ ಹತ್ತಿದರೂ ಬೈಗುಳ ಮುಗಿಯಲಿಲ್ಲ. ಬಂಗಾರೆವ್ವ ಕಿಟಕಿಯ ಹೊರಗೆ ನೋಡುತ್ತಿದ್ದಳು. ಅಣಬೆಯ ಗೊಬ್ಬರದ ವಾಸನೆ ಕಾರಿನೊಳಗೆ ಬಂದ ಮೇಲೆ, ಅಂದರೆ ಮನೆ ಹತ್ತಿರವಾದ ಮೇಲೆ, ಅವಳು ಮಾತಾಡಿದಳು.

"ನನಗೂ ಗೊತ್ತಿತ್ರಿ."

"ಏನ ಗೊತ್ತಿತ್ತು?"

"ನೀವು ಬೂಟ ಹಾಕ್ಕೋತ ಬರ್ತೇವಿ ಅಂದ್ರಿ. ಬಾಜೂಕ ನಾ ನಿಂತಿದ್ನೆಲ್ಲ. ಬರ್ತೇವಿ ಅಂದ್ರ ಹೋಗ್ತೇವಿ ಅಂತ ನನಗ ತಿಳೀದಿಲ್ಲೇನು? ಇಲಕಲ್ಲಿನಾಗ ಹುಟ್ಟಿದಾಕಿ ನಾ."

ಅಪ್ಪಾಸಾಹೇಬರು ಅವಳ ಕಡೆ ತಿರುಗಿದರು. "ಮತ್ತ ಯಾಕ ಸುಮ್ಮನಿದ್ದಿ? ಆ ಹೊಲಸು ಮನಷ್ಯಾ ಅಂಥಾ ಮಾತು ಕೇಳಿದಾಗೂ ಸುಮ್ಮನಿದ್ದಿ. ಅವನ ಹೆಂಡ್ತಿ ಡಬ್ಬಿ ಹೊರಗಿಟ್ಟಾಗೂ ಸುಮ್ಮನಿದ್ದಿ."

"ನೀವು ಕರಕೊಂಡು ಹೋಗೂದಿಲ್ಲ ಅಂತ ಖಾತ್ರಿ ಆಗಿತ್ತಲ್ರಿ," ಎಂದಳು ಬಂಗಾರೆವ್ವ. ದನಿಯಲ್ಲಿ ಸಿಟ್ಟಿರಲಿಲ್ಲ. "ಆರು ವರ್ಷ ಆತು, ನೋಡೂನು ಅಂದ್ರಿ. ಯಾರರೆ ಕರಕೊಂಡು ಹೋಗ್ಲಿ, ಏನರೆ ಕೇಳ್ಲಿ, ನನಗ ಕಮಲವ್ವ ಸಿಕ್ರ ಸಾಕು ಅಂತ ಸುಮ್ಮನಾದೆ."

ಅಪ್ಪಾಸಾಹೇಬರಿಗೆ ಮುಂದಿನ ರಸ್ತೆ ಕಾಣದಂತಾಯಿತು. ಕಾರನ್ನು ಒಂದು ಗ್ಯಾಸ್ ಸ್ಟೇಷನ್ನಿನ ಬದಿಗೆ ತಂದು ನಿಲ್ಲಿಸಿದರು. ಹಾಗಾದರೆ ಆ ಮಾತಿನ ಅರ್ಥ ಎಲ್ಲರಿಗೂ ಗೊತ್ತಿತ್ತು. ಅನಂತಪದ್ಮನಾಭನಿಗೆ ಗೊತ್ತಿತ್ತು, ಇವಳಿಗೆ ಗೊತ್ತಿತ್ತು, ಸೀರಿಯಲ್ ತಿನ್ನುವ ಹುಡುಗಿಗೂ ಗೊತ್ತಿತ್ತು. ಅನಂತಪದ್ಮನಾಭ ಒಮಾಹಾದ ಮೇಲೆ ಗೆರೆ ಎಳೆದದ್ದು ಹೋದ ಭಾನುವಾರ. ತಾವು ಆರು ವರ್ಷದ ಹಿಂದೆಯೇ ಎಳೆದಿದ್ದರು, ಅದೂ ಪೆನ್ಸಿಲಿಲ್ಲದೆ, ಸೋಫಾದ ಮೇಲೆ ಮಲಗಿಕೊಂಡು, ಪೇಪರಿನಿಂದ ಕಣ್ಣು ತೆಗೆಯದೆ. ಮೂರು ವಾರದಿಂದ ಆ ಮನುಷ್ಯನ ಮೇಲೆ ಸುರಿದಿದ್ದ ಹೇಸಿಗೆಯೆಲ್ಲ ವಾಪಸು ಬಂದು ಅವರ ಕೊರಳಪಟ್ಟಿಯ ಒಳಗೇ ಇಳಿಯಿತು. ಕೈ ಒರೆಸಿಕೊಳ್ಳಬೇಕೆನ್ನಿಸಿತು. ಒರೆಸಿಕೊಂಡರೆ ಹೋಗುವಂಥದ್ದಲ್ಲ ಅದು.

ಬಂಗಾರೆವ್ವ ಸೆರಗು ಸರಿಸಿ ಒಂದು ಉದ್ದ ಹಾಳೆ ತೆಗೆದಳು. ನೆಬ್ರಾಸ್ಕಾ. ಸುರುಳಿಯಿಂದ ಕಿತ್ತ ಕಡೆ ಸಾಲಾಗಿ ಹರಿದಿತ್ತು. ಎಲ್ಲರೂ ಹೋಗ್ತೇವಿ ಎಂಬ ಮಾತು ಕೇಳಿ ದಂಗಾಗಿ ನಿಂತಿದ್ದಾಗ ಕಿತ್ತುಕೊಂಡಿರಬೇಕು.

"ಛೀ, ಅದನ್ನ ಯಾಕ ಮುಟ್ಟಿದಿ? ಅವನ ಕಿವ್ಯಾಗಿಂದೆಲ್ಲ ಅದಕ್ಕ ಹತ್ತೇದ."

"ಹತ್ಲಿ," ಎಂದು ಬಂಗಾರೆವ್ವ ಒಮಾಹಾದ ಮೇಲಿನ ಕಲೆಯನ್ನು ಉಗುರಿನಿಂದ ಕೆರೆದಳು. ಕಲೆ ಹೋಯಿತು, ಪೆನ್ಸಿಲಿನ ಗೆರೆ ಉಳಿಯಿತು. ಹಾಳೆಯನ್ನು ಮಡಿಲಲ್ಲಿ ಬಿಡಿಸಿಟ್ಟುಕೊಂಡು ಗಂಡನ ಮುಖ ನೋಡಿದಳು. "ಡಬ್ಬಿ ತುಂಬ ರೊಟ್ಟಿ ಮಾಡೇನಿ. ಅಷ್ಟೂ ನಾವಿಬ್ಬರ ತಿನ್ನಾಕ ಆಗೂದಿಲ್ಲ."

ಅಪ್ಪಾಸಾಹೇಬರು ಬಾಯಿ ತೆರೆದರು. ಬಾಯಿಗೆ ಮೊದಲು ಬಂದದ್ದು ಅದೇ ಹಳೆಯ ಮಾತು, ನೋಡೂನು. ಅದು ಹಲ್ಲಿನವರೆಗೆ ಬಂದದ್ದು ಅವರಿಗೇ ಗೊತ್ತಾಯಿತು. ಬಂಗಾರೆವ್ವನಿಗೂ ಗೊತ್ತಾಗಿರಬೇಕು, ಅವಳು ಹಾಳೆಯನ್ನು ಮಡಿಸತೊಡಗಿದಳು.

"ಮಡಚಬ್ಯಾಡ," ಎಂದರು ಅಪ್ಪಾಸಾಹೇಬರು. "ನಾಳೆ ಸೂಟಿ ಕೇಳ್ತೀನಿ. ಬರೂ ಶನಿವಾರ, ನಾವಿಬ್ಬರ. ಒಮಾಹಾಕ್ಕ ಹೋಗೂನು."

ಬಂಗಾರೆವ್ವ ಬಹಳ ಹೊತ್ತು ಅವರನ್ನೇ ನೋಡಿದಳು. ಆರು ವರ್ಷ ನಂಬಿಸದ ಮುಖ ಅದು, ಒಂದು ಮಾತಿಗೆ ನಂಬುವುದು ಹೇಗೆ?

"ಹೋಗೂನು ಅನಬಾರದ್ರಿ," ಎಂದಳು ಕೊನೆಗೆ. "ಹೋಗಿ ಬರೂನು ಅನ್ರಿ."

"ಹೋಗಿ ಬರೂನು," ಎಂದರು ಅಪ್ಪಾಸಾಹೇಬರು.

"ಇನ್ನೊಮ್ಮೆ ಅನ್ರಿ."